ಆಷಾಢದ ಲೆಕ್ಕ ಮೊದಲು: ಕುರ್ವೆಯ ಊರಿಗೆ ಹೈಬ್ರಿಡ್ ಕರೆಂಟು ವ್ಯವಸ್ಥೆ ಯೋಜಿಸುವುದು ಹೇಗೆ

ಉತ್ತರ ಕನ್ನಡದ ಹೊಳೆಗಳಲ್ಲಿ ಕುರ್ವೆಗಳಿಗೆ, ಅಂದರೆ ಹೊಳೆ ನಡುವಿನ ದ್ವೀಪಗಳಿಗೆ, ಕಮ್ಮಿ ಇಲ್ಲ. ಕುಮಟಾದ ಅಘನಾಶಿನಿಯಲ್ಲಿ ಐಗಳಕುರ್ವೆ, ಹೊನ್ನಾವರದ ಶರಾವತಿಯಲ್ಲಿ ಮಾವಿನಕುರ್ವಾ, ಅಂಕೋಲಾದ ಗಂಗಾವಳಿಯಲ್ಲಿ ಕೂರ್ವೆ. ಇವು ಹೆಸರಾದವು. ನಾಲ್ಕಾರು ಮನೆಗಳಷ್ಟೇ ಇರುವ ಸಣ್ಣ ಕುರ್ವೆಗಳೂ ಇವೆ. ಇಂಥ ಊರುಗಳಿಗೆ ಲೈನ್ ಬಂದಿದ್ದರೂ ಮಳೆಗಾಲದಲ್ಲಿ ಅದನ್ನು ನಂಬಿಕೊಂಡು ಕೂರಲು ಆಗುವುದಿಲ್ಲ. ಮರ ಬಿದ್ದು ತಂತಿ ಹರಿದರೆ ಲೈನ್‌ಮನ್ ಬರಲಿಕ್ಕೂ ದೋಣಿ ಬೇಕು. ಹೊಳೆ ಕೆಂಪಾಗಿ ತುಂಬಿ ಓಡುವಾಗ ದೋಣಿ ಬಿಡುವವರು ಯಾರು?

ಬಿಸಿಲು, ಗಾಳಿ, ನೀರು, ಬ್ಯಾಟರಿ, ಜನರೇಟರ್ ಇವುಗಳಲ್ಲಿ ನಮ್ಮ ಜಾಗಕ್ಕೆ ಹೊಂದುವ ಎರಡು ಮೂರನ್ನು ಸೇರಿಸಿದರೆ ಅದೇ ಹೈಬ್ರಿಡ್ ವ್ಯವಸ್ಥೆ. ಒಂದು ಸೋತಾಗ ಇನ್ನೊಂದು ಹಿಡಿದುಕೊಳ್ಳುತ್ತದೆ. ಊರಿನವರೇ ಕೂತು ಇದನ್ನು ಯೋಜಿಸುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ನಾನು ಒತ್ತಿ ಹೇಳುವುದು ಒಂದೇ ಮಾತು: ಜುಲೈ ನೋಡಿ ಲೆಕ್ಕ ಹಾಕಿ, ಮಾರ್ಚ್ ನೋಡಿ ಹಾಕಬೇಡಿ. ನಮ್ಮ ಕಡೆ ಸೋತ ಸೋಲಾರ್‌ಗಳಲ್ಲಿ ಹೆಚ್ಚಿನವು ಬೇಸಿಗೆಯ ಬಿಸಿಲು ನೋಡಿ ಹಾಕಿದವು.

ಮೊದಲು: ನಿಮ್ಮದು ಯಾವ ಥರದ ಊರು?

ಲೈನ್ ಇರುವ ಕುರ್ವೆಗೆ ಇಡೀ ಊರು ನಡೆಸುವಷ್ಟು ದೊಡ್ಡ ವ್ಯವಸ್ಥೆ ಬೇಡ. ಲೈನ್ ಹೋದಾಗ ದೀಪ, ಕುಡಿಯುವ ನೀರು, ಮೀನಿನ ಫ್ರೀಜರ್ ನಡೆದರೆ ಸಾಕು. ಲೈನ್ ಇಲ್ಲದ ಜಾಗಕ್ಕೆ ಪೂರ್ತಿ ವ್ಯವಸ್ಥೆ ಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಒಂಟಿ ಮನೆಗಳು ಮೂರನೆಯ ಥರ. ಅವೂ ಒಂದು ಲೆಕ್ಕದಲ್ಲಿ ದ್ವೀಪಗಳೇ. ಆದರೆ ಅಲ್ಲಿ ಇಳಿಜಾರಿನ ನೀರಿದೆ, ಹಾಗಾಗಿ ದಾರಿ ಬೇರೆ.

ಲೈನ್ ಇರುವವರು ಒಂದು ವಿಷಯ ತಿಳಿದುಕೊಂಡೇ ಮುಂದೆ ಹೋಗಬೇಕು. ಮನೆಯ ಮಾಡಿನ ಮೇಲೆ ಸೋಲಾರ್ ಹಾಕಲು ಕೇಂದ್ರ ಸರ್ಕಾರ ನೆರವು ಕೊಡುವ ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಶುರುವಾಯಿತು. 3 ಕಿಲೋವ್ಯಾಟ್ ಹಾಕಿದರೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಒಳ್ಳೆಯ ಯೋಜನೆಯೇ. ಆದರೆ ಮನೆ ಮೇಲೆ ಸಾಮಾನ್ಯವಾಗಿ ಕೂರಿಸುವ, ಲೈನ್‌ಗೆ ಜೋಡಿಸಿದ ಆನ್‌ಗ್ರಿಡ್ ಇನ್ವರ್ಟರ್, ಲೈನ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಹಿಂದಿನಿಂದ ಕರೆಂಟು ಹೊಡೆಯಬಾರದು ಅಂತ ಹಾಗೆ ಮಾಡಿದ್ದಾರೆ. ಅಂದರೆ ಬಿಸಿಲು ಇದ್ದರೂ, ಪ್ಯಾನೆಲ್ ಇದ್ದರೂ, ಮನೆಯಲ್ಲಿ ಕತ್ತಲೆ. ಕುರ್ವೆಯವರಿಗೆ ಬೇಕಾದ್ದು ಬ್ಯಾಟರಿ ಜೋಡಿಸುವ, ಬ್ಯಾಕಪ್ ಲೈನ್ ಇರುವ ಹೈಬ್ರಿಡ್ ಇನ್ವರ್ಟರ್. ಕೊಟೇಶನ್ ತೆಗೆದುಕೊಳ್ಳುವಾಗ ಇದೊಂದನ್ನು ಬಾಯಿಬಿಟ್ಟು ಕೇಳಿ, ಕಾಗದದಲ್ಲಿ ಬರೆಸಿಕೊಳ್ಳಿ.

ಎರಡನೆಯದು: ಬಳಕೆಯನ್ನು ಮಳೆಗಾಲದಲ್ಲೇ ಬರೆಯಿರಿ

ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಿ. ಎಷ್ಟು ಬಲ್ಬು, ಎಷ್ಟು ಫ್ಯಾನು, ಟಿವಿ ಎಷ್ಟು ಹೊತ್ತು, ಮಿಕ್ಸರ್ ಯಾವಾಗ. ಈ ಕೆಲಸ ಜುಲೈನಲ್ಲಿ ಒಮ್ಮೆ, ಮೇನಲ್ಲಿ ಒಮ್ಮೆ ಆಗಬೇಕು. ಆಷಾಢದಲ್ಲಿ ಸೆಖೆ ಇಲ್ಲ, ಫ್ಯಾನ್ ಬೇಡ ಅಂತ ಕೂತಲ್ಲೇ ಬರೆದುಕೊಳ್ಳಬೇಡಿ. ಕರಾವಳಿಯ ಮನೆಯಲ್ಲಿ ಮಳೆಗಾಲದ ಬಟ್ಟೆ ಒಣಗುವುದೇ ಫ್ಯಾನಿನ ಕೆಳಗೆ. ಜಗಲಿಯಲ್ಲಿ ಹಗ್ಗ ಕಟ್ಟಿ, ಶಾಲೆಯ ಯೂನಿಫಾರ್ಮು ಸಾಲಾಗಿ ಹಾಕಿ, ರಾತ್ರಿಯಿಡೀ ಫ್ಯಾನ್ ಬಿಟ್ಟಿರುತ್ತಾರೆ. ಇದು ಯಾವ ಸರ್ವೆ ಫಾರ್ಮಿನಲ್ಲೂ ಇರುವುದಿಲ್ಲ. ಹೋಗಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಿ. ಗಂಡಸರು ಟಿವಿ, ಬೀದಿದೀಪ ಅನ್ನುತ್ತಾರೆ. ಮೀನು ಮಾರುವ ಒಬ್ಬ ಅಮ್ಮ ಹೇಳಿದ ಮಾತು ನನಗೆ ಈಗಲೂ ಎಲ್ಲ ಲೆಕ್ಕಕ್ಕಿಂತ ಮುಂದೆ ನಿಲ್ಲುತ್ತದೆ: "ತಮ್ಮಾ, ಲೈಟ್ ಇಲ್ದಿದ್ರೂ ಅಡ್ಡಿಲ್ಲ. ಮೀನಿಟ್ಟ ಫ್ರೀಜರ್ ಆರ್‌ಬಾರ್ದು ನೋಡು."

25 ಮನೆಗಳ ಒಂದು ಕುರ್ವೆ ಅಂತ ಇಟ್ಟುಕೊಂಡು ಲೆಕ್ಕ ಹಾಕೋಣ. ಒಂದು ಮನೆಗೆ 9 ವ್ಯಾಟಿನ ನಾಲ್ಕು ಎಲ್‌ಇಡಿ ಐದು ತಾಸು, 30 ವ್ಯಾಟಿನ ಎರಡು ಫ್ಯಾನ್ ಎಂಟು ತಾಸು, 50 ವ್ಯಾಟಿನ ಟಿವಿ ನಾಲ್ಕು ತಾಸು, ಮಿಕ್ಸರ್ ಹತ್ತು ನಿಮಿಷ, ಮೊಬೈಲ್ ಚಾರ್ಜು. ಎಲ್ಲ ಸೇರಿ ದಿನಕ್ಕೆ ಸುಮಾರು 1 ಯೂನಿಟ್. ಊರಿಗೆ 25. ಇದರ ಮೇಲೆ ಕುಡಿಯುವ ನೀರಿನ 1 ಎಚ್‌ಪಿ ಪಂಪು ಮೂರು ತಾಸಿಗೆ 3 ಯೂನಿಟ್, ಮೀನಿಗೆ ಎರಡು ಡೀಪ್ ಫ್ರೀಜರ್ 4, ಹತ್ತು ಬೀದಿದೀಪ 2, ಅಂಗನವಾಡಿಗೆ 1. ಒಟ್ಟು 35. ಇನ್ವರ್ಟರ್, ಬ್ಯಾಟರಿ, ವೈರಿನಲ್ಲಿ ಹೋಗುವ ನಷ್ಟಕ್ಕೆ ಐದರಲ್ಲೊಂದು ಪಾಲು ಸೇರಿಸಿ. ದಿನಕ್ಕೆ 42 ಯೂನಿಟ್ ಬೇಕು.

ಈಗ ಪಟ್ಟಿಯನ್ನು ಎರಡು ಭಾಗ ಮಾಡಿ: ಬೇಕೇ ಬೇಕು, ಇದ್ದರೆ ಒಳ್ಳೆಯದು. ಮನೆಯ ದೀಪ, ಒಂದು ಫ್ಯಾನ್, ಮೊಬೈಲ್, ನೀರು, ಫ್ರೀಜರ್ ಇಷ್ಟೇ ಹಿಡಿದರೆ ನಷ್ಟ ಸೇರಿ 22 ಯೂನಿಟ್‌ನಲ್ಲಿ ಮುಗಿಯುತ್ತದೆ. ವೈರಿಂಗ್ ಮಾಡುವಾಗಲೇ ಈ ಎರಡಕ್ಕೂ ಬೇರೆ ಬೇರೆ ಲೈನ್ ಎಳೆಸಿ. ಆಮೇಲೆ ಗೋಡೆ ಒಡೆದು ಬೇರ್ಪಡಿಸುವುದು ದೊಡ್ಡ ತಲೆನೋವು.

ಮೂರನೆಯದು: ಪ್ಯಾನೆಲ್‌ಗಿಂತ ಮೊದಲು ಫ್ಯಾನ್ ಬದಲಿಸಿ

ಮೇಲಿನ ಲೆಕ್ಕದಲ್ಲಿ ನಾನು ಕಮ್ಮಿ ಕರೆಂಟು ತಿನ್ನುವ ಹೊಸ ಥರದ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಿಡಿದಿದ್ದೇನೆ. ಹಳೆಯ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. 50 ಫ್ಯಾನ್ ಎಂಟು ತಾಸು ತಿರುಗಿದರೆ ವ್ಯತ್ಯಾಸ ದಿನಕ್ಕೆ 18 ಯೂನಿಟ್. ಜುಲೈನಲ್ಲಿ 18 ಯೂನಿಟ್ ಹುಟ್ಟಿಸಬೇಕೆಂದರೆ 9 ಕಿಲೋವ್ಯಾಟ್ ಪ್ಯಾನೆಲ್ ಹೆಚ್ಚಿಗೆ ಹಾಕಬೇಕು, ಅದಕ್ಕೆ ತಕ್ಕ ಬ್ಯಾಟರಿಯೂ ಬೇಕು. 50 ಹೊಸ ಫ್ಯಾನ್ ಕೊಳ್ಳಲು ಆ ಖರ್ಚಿನ ಸಣ್ಣ ಪಾಲು ಸಾಕು. ಇಡೀ ಯೋಜನೆಯಲ್ಲಿ ದುಡ್ಡು ಉಳಿಸುವ ಜಾಗ ಇದ್ದರೆ ಅದು ಇದೇ. ಆದರೂ ಬಹಳಷ್ಟು ಕೊಟೇಶನ್‌ಗಳಲ್ಲಿ ಇದರ ಹೆಸರೇ ಇರುವುದಿಲ್ಲ.

ನಾಲ್ಕನೆಯದು: ಯಾವ ಮೂಲ ನಿಮ್ಮ ಜಾಗಕ್ಕೆ ಆಗುತ್ತದೆ?

ಬಿಸಿಲು. ಎಲ್ಲ ಕಡೆಗೂ ಮುಖ್ಯ ಮೂಲ ಇದೇ. ನಮ್ಮ ಕರಾವಳಿಯಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ಬೇಸಿಗೆಯಲ್ಲಿ ದಿನಕ್ಕೆ 4 ಯೂನಿಟ್ ಆರಾಮಾಗಿ ಕೊಡುತ್ತದೆ. ಜುಲೈಗೆ 2 ಅಂತ ಹಿಡಿಯಿರಿ. ಪುನರ್ವಸು, ಪುಷ್ಯ ಮಳೆ ಎಡಬಿಡದೆ ಹೊಡೆಯುವ ದಿನ 1 ಬಂದರೂ ದೊಡ್ಡದು. ನಿಮ್ಮ ಊರಿನ ತಿಂಗಳವಾರು ಅಂಕಿ ಬೇಕಾದರೆ ಪಿವಿಜಿಐಎಸ್ ಅಥವಾ ನಾಸಾ ಪವರ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅಕ್ಷಾಂಶ ರೇಖಾಂಶ ಹಾಕಿದರೆ ಸಾಕು. ವರ್ಷದ ಸರಾಸರಿ ನೋಡಬೇಡಿ, ಜುಲೈ ಸಾಲು ನೋಡಿ.

42 ಯೂನಿಟ್‌ಗೆ 15 ಕಿಲೋವ್ಯಾಟ್ ಹಾಕಿದಿರಿ ಅನ್ನೋಣ. ಜುಲೈನ ಸಾಧಾರಣ ದಿನ 30 ಬರುತ್ತದೆ, 12 ಕಮ್ಮಿ. ಕೆಟ್ಟ ದಿನ 15 ಬರುತ್ತದೆ. ಎಲ್ಲವನ್ನೂ ನಡೆಸಹೊರಟರೆ 27 ಕಮ್ಮಿ, "ಬೇಕೇ ಬೇಕು" ಲೈನ್ ಮಾತ್ರ ನಡೆಸಿದರೆ 7 ಕಮ್ಮಿ. ಎರಡು ಲೈನ್ ಎಳೆಸಿದ್ದರ ಬೆಲೆ ಗೊತ್ತಾಗುವುದು ಅಂಥ ದಿನ. ಬೇಸಿಗೆಯಲ್ಲಿ ಇದೇ ಪ್ಯಾನೆಲ್ 60 ಕೊಡುತ್ತದೆ, 18 ಉಳಿಯುತ್ತದೆ. ಅದನ್ನು ವ್ಯರ್ಥ ಮಾಡಬೇಡಿ. ಐಸ್ ಮಾಡಿ, ಟ್ಯಾಂಕಿಗೆ ನೀರು ತುಂಬಿಸಿ, ಮೂರನೆಯ ಫ್ರೀಜರ್ ನಡೆಸಿ.

15 ಕಿಲೋವ್ಯಾಟ್‌ಗೆ 550 ವ್ಯಾಟಿನ 28 ಪ್ಯಾನೆಲ್, ಸುಮಾರು 1,500 ಚದರ ಅಡಿ ಜಾಗ. ತೆಂಗಿನ ತೋಟದ ನಡುವೆ ಬೇಡ. ನೆರಳಂತೂ ಸರಿ, ಕಾಯಿ ಬಿದ್ದರೆ ಗಾಜು ಉಳಿಯುತ್ತದಾ? ಶಾಲೆಯ ಮಾಡು, ದೇವಸ್ಥಾನದ ಅಂಗಳದ ಚಪ್ಪರ ಇಂಥ ಸಾರ್ವಜನಿಕ ಜಾಗ ನೋಡಿ. ಮುಖ ದಕ್ಷಿಣಕ್ಕೆ, ಓರೆ 15 ಡಿಗ್ರಿ.

ಗಾಳಿ. ಮಳೆಗಾಲದಲ್ಲಿ ಬಿಸಿಲು ಕಮ್ಮಿ, ಗಾಳಿ ಜೋರು. ಹಾಗಾಗಿ ಗಾಳಿಯಂತ್ರ ಕಾಗದದ ಮೇಲೆ ಬಹಳ ಚೆಂದ ಕಾಣುತ್ತದೆ. ಆದರೆ ಗಾಳಿಯ ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 3 ಮೀಟರ್ ಅಗಲದ ರೆಕ್ಕೆಯ ಸಣ್ಣ ಯಂತ್ರ ಸೆಕೆಂಡಿಗೆ 6 ಮೀಟರ್ ಗಾಳಿಯಲ್ಲಿ ಸುಮಾರು 275 ವ್ಯಾಟ್ ಕೊಟ್ಟರೆ, 3 ಮೀಟರ್ ಗಾಳಿಯಲ್ಲಿ ಬರೀ 34 ವ್ಯಾಟ್. ಅಲ್ಲದೆ ಸುತ್ತ 150 ಮೀಟರ್ ಒಳಗಿನ ಯಾವ ಮರಕ್ಕಿಂತಲೂ 9 ಮೀಟರ್ ಮೇಲೆ ರೆಕ್ಕೆ ಇರಬೇಕು. ಕುರ್ವೆಯ ತೆಂಗು 15, 20 ಮೀಟರ್ ಬೆಳೆದಿರುತ್ತದೆ. ಅಷ್ಟು ಎತ್ತರದ ಕಂಬ, ಅದಕ್ಕೆ ಎಳೆಕಟ್ಟು, ಉಪ್ಪುಗಾಳಿಯಲ್ಲಿ ಅದರ ರಿಪೇರಿ ಯಾರು ಮಾಡುವವರು? ತೆಂಗು ತುಂಬಿದ ಹೊಳೆಯ ಕುರ್ವೆಗೆ ಗಾಳಿಯಂತ್ರ ಬೇಡ ಅಂತಲೇ ನನ್ನ ಅಭಿಪ್ರಾಯ. ಕಾರವಾರದ ಎದುರಿನ ದೇವಗಡ, ಕೂರ್ಮಗಡದಂಥ ಸಮುದ್ರಕ್ಕೆ ತೆರೆದುಕೊಂಡ ಜಾಗವಾದರೆ ಯೋಚಿಸಬಹುದು. ಅಲ್ಲೂ ಒಂದು ಪೂರ್ತಿ ವರ್ಷ ಗಾಳಿ ಅಳೆದ ಮೇಲೆಯೇ.

ಹಳ್ಳದ ನೀರು. ಕುರ್ವೆಯವರು ಇದನ್ನು ಬಿಟ್ಟು ಮುಂದೆ ಹೋಗಿ. ಘಟ್ಟದವರು ಮಾತ್ರ ಇಲ್ಲೇ ನಿಲ್ಲಿ, ಏಕೆಂದರೆ ನಿಮ್ಮ ಭಾಗ್ಯ ಇಲ್ಲಿದೆ. ಸೆಕೆಂಡಿಗೆ 5 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ ಸುಮಾರು 500 ವ್ಯಾಟ್. ಸಣ್ಣದು ಅನಿಸಬಹುದು. ಆದರೆ ಹಗಲು ರಾತ್ರಿ ನಿಲ್ಲದೆ ಬಂದರೆ ದಿನಕ್ಕೆ 12 ಯೂನಿಟ್. ಬಿಸಿಲಿಲ್ಲದ ಜುಲೈನಲ್ಲೇ ಹಳ್ಳ ತುಂಬಿ ಬರುವುದು, ಹಳ್ಳ ಬತ್ತುವ ಮಾರ್ಚ್‌ನಲ್ಲೇ ಬಿಸಿಲು ಸುರಿಯುವುದು. ಇದಕ್ಕಿಂತ ಒಳ್ಳೆಯ ಜೋಡಿ ಬೇರೆ ಇಲ್ಲ. ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ಅಳೆಯಿರಿ. ಜೂನ್, ಆಗಸ್ಟ್, ನವೆಂಬರ್, ಜನವರಿಯಲ್ಲಿ ಒಂದೊಂದು ಸಲ. ನೀರು ಒಳಹೋಗುವಲ್ಲಿ ತರಗೆಲೆ ತಡೆಯುವ ಜಾಲರಿ ಇಡಿ, ಮಳೆಗಾಲದಲ್ಲಿ ದಿನಾ ಅದನ್ನು ಬಿಡಿಸಬೇಕಾಗುತ್ತದೆ.

ಉಬ್ಬರ ಇಳಿತದಿಂದ ಕರೆಂಟು ತೆಗೆಯಬಹುದಲ್ವಾ ಅಂತ ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ನಮ್ಮ ಕಡಲಿನ ಉಬ್ಬರದ ಎತ್ತರ ಸುಮಾರು 2 ಮೀಟರ್ ಅಷ್ಟೇ. ಅದಕ್ಕೆ ಒಡ್ಡು ಕಟ್ಟಿದರೆ ಬರುವ ಕರೆಂಟಿಗಿಂತ ಬಳಚಿಗೆ (ಚಿಪ್ಪುಮೀನು), ಮೀನಿಗೆ, ಉಪ್ಪುನೀರು ಬರುವ ಗಜನಿ ಗದ್ದೆಗೆ ಆಗುವ ಹಾನಿಯೇ ಜಾಸ್ತಿ. ಗೋಬರ್ ಗ್ಯಾಸ್ ಅಡುಗೆಗೆ ಚೆನ್ನ, ಕರೆಂಟಿಗೆ ಬೇಡ.

ಜನರೇಟರ್. ಪರಿಸರದ ಕಾಳಜಿ ಇರುವವರಿಗೆ ಇದರ ಹೆಸರು ಹಿಡಿಸುವುದಿಲ್ಲ. ನನಗೂ ಹಿಡಿಸುವುದಿಲ್ಲ. ಆದರೂ ಒಂದು ಸಣ್ಣದು ಇಟ್ಟುಕೊಳ್ಳಿ. ವರ್ಷದ ಕೆಟ್ಟ ಎರಡು ವಾರಕ್ಕಾಗಿ ಪ್ಯಾನೆಲ್, ಬ್ಯಾಟರಿ ಎರಡನ್ನೂ ದುಪ್ಪಟ್ಟು ಮಾಡಿದರೆ ಆ ಸಾಲ ತೀರಿಸುವಷ್ಟರಲ್ಲಿ ಊರು ಸುಸ್ತಾಗುತ್ತದೆ. ಜನರೇಟರ್ ಒಳ್ಳೆಯ ಲೋಡಿನಲ್ಲಿ ನಡೆದರೆ ಒಂದು ಯೂನಿಟ್‌ಗೆ 0.4 ಲೀಟರ್ ಹತ್ತಿರ ಡೀಸೆಲ್ ಕುಡಿಯುತ್ತದೆ. 12 ಯೂನಿಟ್‌ಗೆ 5 ಲೀಟರ್, 7 ಯೂನಿಟ್‌ಗೆ 3. ನಾಲ್ಕು ಬಲ್ಬಿಗಾಗಿ ರಾತ್ರಿಯಿಡೀ ಸುಮ್ನೆ ಓಡಿಸಬೇಡಿ, ಕಮ್ಮಿ ಲೋಡಿನಲ್ಲಿ ಅದು ಎಣ್ಣೆಯನ್ನೂ ತಿನ್ನುತ್ತದೆ, ತಾನೂ ಹಾಳಾಗುತ್ತದೆ. ಸಂಜೆಗೆ ಮೊದಲು ಎರಡು ತಾಸು ಗಟ್ಟಿಯಾಗಿ ಓಡಿಸಿ ಬ್ಯಾಟರಿ ತುಂಬಿಸಿ ನಿಲ್ಲಿಸಿ.

ಐದನೆಯದು: ಬ್ಯಾಟರಿ

42ರಲ್ಲಿ ಸಂಜೆಯಿಂದ ಬೆಳಗಿನವರೆಗೆ ಬೇಕಾಗುವುದು ಸುಮಾರು 25 ಯೂನಿಟ್. ಮನೆಯ ಇನ್ವರ್ಟರ್‌ಗೆ ಇಡುವ ಸೀಸದ ಟ್ಯೂಬ್ಯುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕಮ್ಮಿ. ಹಾಗಾಗಿ 12 ವೋಲ್ಟ್ 150 ಎಎಚ್‌ನ ಒಂದರಿಂದ ಸಿಗುವುದು 0.9 ಯೂನಿಟ್. 25 ಯೂನಿಟ್‌ಗೆ 28 ಬ್ಯಾಟರಿ ಬೇಕು. ಅಷ್ಟಕ್ಕೂ ಡಿಸ್ಟಿಲ್ಡ್ ವಾಟರ್ ಹಾಕುತ್ತಾ ಇರಬೇಕು, ಕೆಲವೇ ವರ್ಷಕ್ಕೆ ಎಲ್ಲವನ್ನೂ ದೋಣಿಯಲ್ಲಿ ಹೊತ್ತು ಬದಲಿಸಬೇಕು. ಲಿಥಿಯಂ ಫೆರಸ್ ಫಾಸ್ಫೇಟ್ ಬ್ಯಾಟರಿಯಲ್ಲಿ 80 ಭಾಗ ಧೈರ್ಯವಾಗಿ ಬಳಸಬಹುದು. ಒಂದು ರಾತ್ರಿಗೆ 31, ಮೋಡದ ದಿನಕ್ಕೆ ಸ್ವಲ್ಪ ಹೆಚ್ಚಿಗೆ ಇಟ್ಟು 40 ಯೂನಿಟ್‌ನದು ಹಾಕಿದರೆ ಸಾಕು. 5 ಯೂನಿಟ್‌ನ ಎಂಟು ಪೆಟ್ಟಿಗೆ ಅಷ್ಟೇ. ಮೊದಲಿಗೆ ದುಡ್ಡು ಜಾಸ್ತಿ, ಆದರೆ ಕುರ್ವೆಗೆ ಇದೇ ಸರಿ.

ಇನ್ವರ್ಟರ್ ಕೂಡ 15 ಕಿಲೋವ್ಯಾಟ್‌ನ ಒಂದರ ಬದಲು 5 ಕಿಲೋವ್ಯಾಟ್‌ನ ಮೂರು ಹಾಕಿಸಿ. ಒಂದು ಕೆಟ್ಟರೆ ಉಳಿದೆರಡು ಫ್ರೀಜರ್ ನಡೆಸುತ್ತವೆ. ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಘಟ್ಟ ಇಳಿದು, ಹೊಳೆ ದಾಟಿ ಬರುವವರೆಗೆ ಊರು ಕಾಯಬೇಕಲ್ಲ.

ಆರನೆಯದು: ಉಪ್ಪು, ನೆರೆ, ಸಿಡಿಲು

ಹೊಳೆಬಾಯಿಯ ಹತ್ತಿರ ಹಾಕಿದ ಹಳೆಯ ಸೋಲಾರ್ ದೀಪದ ಕಂಬವೊಂದನ್ನು ಹತ್ತಿರ ನಿಂತು ನೋಡಿ. ಪ್ಯಾನೆಲ್ ಗಾಜು ಸರಿಯೇ ಇರುತ್ತದೆ. ಹೋಗಿರುವುದು ಬೋಲ್ಟು. ನಟ್ಟಿನ ಸುತ್ತ ಕಂದು ಪುಡಿ, ಅದರಿಂದ ಕೆಳಗೆ ಇಳಿದ ತುಕ್ಕಿನ ಗೆರೆ, ಬ್ಯಾಟರಿ ಟರ್ಮಿನಲ್ ಮೇಲೆ ಹಸಿರು ಬೂಷ್ಟು. ನಮ್ಮಲ್ಲಿ ವ್ಯವಸ್ಥೆ ಸಾಯುವುದು ಹೀಗೆ. ಆದ್ದರಿಂದ ಬೋಲ್ಟೆಲ್ಲ 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್, ಚೌಕಟ್ಟು ಹಾಟ್ ಡಿಪ್ ಗ್ಯಾಲ್ವನೈಸ್ಡ್ ಅಥವಾ ಅಲ್ಯೂಮಿನಿಯಂ, ಹೊರಗಿನ ಪೆಟ್ಟಿಗೆಗಳು ನೀರು, ಧೂಳು ಒಳಹೋಗದ ಐಪಿ 65 ದರ್ಜೆಯವು. ಪ್ಯಾನೆಲ್‌ಗೆ ಉಪ್ಪುಗಾಳಿಯ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಅದರ ಮಾನದಂಡ ಐಇಸಿ 61701.

ಬ್ಯಾಟರಿ ಕೋಣೆ ಎಷ್ಟು ಎತ್ತರಕ್ಕೆ ಇರಬೇಕು ಅನ್ನುವುದನ್ನು ಎಂಜಿನಿಯರ್ ಹೇಳುವುದಕ್ಕಿಂತ ಮನೆಯ ಗೋಡೆ ಹೇಳುತ್ತದೆ. 2019ರ ಆಗಸ್ಟ್ ನೆರೆ ಎಲ್ಲಿಯವರೆಗೆ ಬಂದಿತ್ತು ಅಂತ ಅಜ್ಜಿಯರನ್ನು ಕೇಳಿ, ಗೆರೆ ತೋರಿಸುತ್ತಾರೆ. ಅದರ ಮೇಲೆ ಇನ್ನೂ ಒಂದು ಮೀಟರ್ ಬಿಟ್ಟು ಕಟ್ಟಿ. ಗಾಳಿಗೆ ಪ್ಯಾನೆಲ್ ಕಿತ್ತುಹೋಗದಂತೆ ಕಾಲುಗಳಿಗೆ ಕಾಂಕ್ರೀಟ್ ಬೇಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಯಾರಿಗೂ ಮರೆತಿಲ್ಲ. ಮೇ ಮತ್ತು ಅಕ್ಟೋಬರ್‌ನ ಗುಡುಗು ಮಳೆಗೆ ಸಿಡಿಲುಕಂಬ, ಸರ್ಜ್ ಪ್ರೊಟೆಕ್ಟರ್, ಪ್ರತ್ಯೇಕ ಅರ್ಥಿಂಗ್ ಮೂರೂ ಇರಲಿ. ಮನೆಮನೆಗೆ ಎಳೆಯುವ ತಂತಿ ಬರಿಯದು ಬೇಡ, ತೆಂಗಿನ ಮಡಲು ಬಿದ್ದರೂ ತಡೆಯುವ, ಹೊದಿಕೆ ಇರುವ ತಂತಿಗಳನ್ನು ಹೆಣೆದ ಎಬಿ ಕೇಬಲ್ ಹಾಕಿಸಿ.

ಏಳನೆಯದು: ಕಾಗದಪತ್ರ

ಪಂಚಾಯತಿ ಠರಾವು ಮೊದಲು. ಕುರ್ವೆಗಳು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಒಳಗೆ ಬರುತ್ತವೆ. 2019ರ ಅಧಿಸೂಚನೆಯ ಪ್ರಕಾರ ಹಿನ್ನೀರಿನ ದ್ವೀಪಗಳಲ್ಲಿ ಉಬ್ಬರದ ಗೆರೆಯಿಂದ 20 ಮೀಟರ್ ಒಳಗೆ ಕಟ್ಟಡ ಕಟ್ಟುವಂತಿಲ್ಲ. ಬ್ಯಾಟರಿ ಕೋಣೆಯ ಜಾಗ ಗುರುತಿಸುವಾಗಲೇ ಕಾರವಾರದ ಸಿಆರ್‌ಝಡ್ ಕಚೇರಿಯಲ್ಲಿ ವಿಚಾರಿಸಿ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಅಲ್ಲಿ ಇನ್ನೂ ಜಾಗ್ರತೆ ಬೇಕು. ಲೈನ್‌ಗೆ ಜೋಡಿಸುವುದಾದರೆ ಹೆಸ್ಕಾಂ ಒಪ್ಪಿಗೆ ಬೇಕು. ಸಹಾಯಧನದ ವಿಷಯಕ್ಕೆ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಅನ್ನು ಕೇಳಿ.

ಎಂಟನೆಯದು: ದುಡ್ಡು, ಜನ

ಪ್ಯಾನೆಲ್ ಹಾಕಲು ದುಡ್ಡು ಹೇಗಾದರೂ ಹುಟ್ಟುತ್ತದೆ. ಶಾಸಕರ ನಿಧಿ, ಕಂಪನಿಗಳ ಸಿಎಸ್‌ಆರ್, ಸಬ್ಸಿಡಿ. ಹತ್ತು ವರ್ಷದ ನಂತರ ಬ್ಯಾಟರಿ ಬದಲಿಸಲು ಯಾರೂ ಕೊಡುವುದಿಲ್ಲ. ಅದನ್ನು ಮೊದಲ ತಿಂಗಳಿಂದಲೇ ಕೂಡಿಡಬೇಕು. ಬ್ಯಾಟರಿಗೆ 7 ಲಕ್ಷ, ಆಯಸ್ಸು 10 ವರ್ಷ ಅಂದುಕೊಳ್ಳಿ. ವರ್ಷಕ್ಕೆ 70,000. 25 ಮನೆಗೆ ಹಂಚಿದರೆ ತಿಂಗಳಿಗೆ ಸುಮಾರು 235 ರೂಪಾಯಿ. ನೋಡಿಕೊಳ್ಳುವವರಿಗೆ ತಿಂಗಳಿಗೆ 3,000 ಕೊಟ್ಟರೆ ಮನೆಗೆ 120. ಡೀಸೆಲ್, ಸಣ್ಣಪುಟ್ಟ ರಿಪೇರಿಗೆ ಇನ್ನೊಂದು 100. ಹತ್ತಿರ ಹತ್ತಿರ 450.

ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಪುಕ್ಕಟೆ ಸಿಗುವ ಕಾಲದಲ್ಲಿ ಜನ 450 ಕೊಡುತ್ತಾರಾ? ಲೈನ್ ಇರುವ ಊರಿನವರು ಕೊಡುವುದಿಲ್ಲ, ಅದು ತಪ್ಪೂ ಅಲ್ಲ. ಅದಕ್ಕೇ ಅಲ್ಲಿ 22 ಯೂನಿಟ್‌ನ ಸಣ್ಣ ವ್ಯವಸ್ಥೆ ಮಾಡಿ, ತಿಂಗಳ ಖರ್ಚನ್ನು ಅರ್ಧಕ್ಕೆ ಇಳಿಸಿ ಅನ್ನುವುದು. ಈ ಮಾತು ಪ್ಯಾನೆಲ್ ಬರುವ ಮೊದಲೇ, ಎಲ್ಲರೂ ಇರುವ ಸಭೆಯಲ್ಲಿ ಆಗಲಿ. ಒಪ್ಪದಿದ್ದರೆ ಯೋಜನೆಯನ್ನು ಇನ್ನೂ ಸಣ್ಣದು ಮಾಡಿ, ಮುಚ್ಚಿಟ್ಟು ಮುಂದೆ ಹೋಗಬೇಡಿ.

ಸ್ಕಾಟ್ಲೆಂಡಿನ ಐಗ್ ದ್ವೀಪದವರು 2008ರಲ್ಲಿ ಬಿಸಿಲು, ಗಾಳಿ, ನೀರು ಮೂರನ್ನೂ ಸೇರಿಸಿ ತಮ್ಮದೇ ವ್ಯವಸ್ಥೆ ಮಾಡಿಕೊಂಡರು. ಊರೇ ಅದರ ಒಡೆಯ. ಮನೆಗೆ 5 ಕಿಲೋವ್ಯಾಟ್ ಮಿತಿ, ಬಡವ ಶ್ರೀಮಂತ ಎಲ್ಲರಿಗೂ ಒಂದೇ. ನಮ್ಮ ಸಣ್ಣ ಕುರ್ವೆಗೆ ಮನೆಗೊಂದು, ಲೋಡು ಮೀರಿದರೆ ತಾನೇ ಆರುವ 6 ಆಂಪಿನ ಎಂಸಿಬಿ ಸ್ವಿಚ್ಚು ಸಾಕು. ಮಿಕ್ಸರ್ ನಡೆಯುತ್ತದೆ. ಗೀಸರ್ ಅಥವಾ ಇಂಡಕ್ಷನ್ ಒಲೆ ಹಾಕಿದರೆ ಬೀಳುತ್ತದೆ. ಈ ನಿಯಮ ಅಧ್ಯಕ್ಷರ ಮನೆಗೂ ಇರಬೇಕು, ಇಲ್ಲದಿದ್ದರೆ ಯಾರ ಮನೆಯಲ್ಲೂ ಉಳಿಯುವುದಿಲ್ಲ.

ನೋಡಿಕೊಳ್ಳಲು ಇಬ್ಬರಿಗೆ ತರಬೇತಿ ಕೊಡಿಸಿ. ಒಬ್ಬಳಾದರೂ ಊರಲ್ಲೇ ಇರುವ ಹೆಂಗಸಾಗಿರಲಿ. ಹುಡುಗರು ಕಲಿತು ಗೋವಾಕ್ಕೋ ಬೆಂಗಳೂರಿಗೋ ಹೋಗಿಬಿಡುತ್ತಾರೆ.

ಒಂಬತ್ತನೆಯದು: ಯಾವಾಗ ಏನು

ಜುಲೈನಲ್ಲಿ ಬಳಕೆಯ ಮೊದಲ ಸರ್ವೆ. ಮೇ ತಿಂಗಳಲ್ಲಿ ಎರಡನೆಯದು, ಆ ಮಳೆಗಾಲದಲ್ಲಿ ಸಭೆ, ಠರಾವು, ಅರ್ಜಿ. ದೀಪಾವಳಿ ಕಳೆದ ಮೇಲೆ ಮೂರು ಕೊಟೇಶನ್ ತರಿಸಿ. ಜನವರಿಯಿಂದ ಅಡಿಪಾಯ, ಚೌಕಟ್ಟು. ಒಂದೊಂದು ಪ್ಯಾನೆಲ್ ಏಳು ಅಡಿ ಮೀರಿ ಉದ್ದ, 25 ಕೆಜಿ ಮೀರಿ ಭಾರ. ಹೊಳೆ ಶಾಂತ ಇರುವಾಗ, ಉಬ್ಬರ ನೋಡಿಕೊಂಡು, ನಿಲ್ಲಿಸಿ ಕಟ್ಟಿ ದಾಟಿಸಿ. ಏಪ್ರಿಲ್ ಕೊನೆಗೆ ಎಲ್ಲ ಚಾಲೂ ಆಗಬೇಕು. ಮೇ ಪೂರ್ತಿ ಓಡಿಸಿ ನೋಡಿದರೆ ತಪ್ಪೆಲ್ಲ ಮೃಗಶಿರಾ ಮಳೆಗೆ ಮೊದಲೇ ಹೊರಬೀಳುತ್ತದೆ.

ಮಳೆ ಹಿಡಿಯುವ ಮೊದಲು ಕೋಣೆಯಲ್ಲಿ ಇರಬೇಕಾದದ್ದು: ಫ್ಯೂಸು, ಎಂಸಿಬಿ, ಪ್ಯಾನೆಲ್ ವೈರು ಜೋಡಿಸುವ ಎಂಸಿ4 ಕನೆಕ್ಟರ್ ಎರಡು ಜೊತೆ, ಒಂದು ಮಲ್ಟಿಮೀಟರ್, ಟರ್ಮಿನಲ್‌ಗೆ ಹಚ್ಚುವ ಗ್ರೀಸು, 40 ಲೀಟರ್ ಡೀಸೆಲ್. ಡೀಸೆಲ್ ಬ್ಯಾಟರಿಯ ಪಕ್ಕ ಬೇಡ, ಬೇರೆ ಮಾಡಿನ ಕೆಳಗೆ ಇಡಿ.

ಮೊದಲ ಮಳೆಗಾಲದಲ್ಲಿ ದಿನಾ ಸಂಜೆ ಆರಕ್ಕೆ ನಾಲ್ಕು ಅಂಕಿ ಬರೆಯಿರಿ: ಇವತ್ತು ಪ್ಯಾನೆಲ್‌ನಿಂದ ಬಂದ ಯೂನಿಟ್, ಖರ್ಚಾದದ್ದು, ಬ್ಯಾಟರಿ ಎಷ್ಟು ಭಾಗ ತುಂಬಿದೆ, ಜನರೇಟರ್ ಎಷ್ಟು ತಾಸು. ಆಶ್ಲೇಷಾ ಮಳೆ ಮುಗಿಯುವ ಹೊತ್ತಿಗೆ ಆ ಪುಸ್ತಕ ತೆಗೆದು ನೋಡಿ. ಜನರೇಟರ್ ಓಡಿದ ದಿನಗಳು ಇಪ್ಪತ್ತರೊಳಗೆ ಇದ್ದರೆ ಏನನ್ನೂ ಸೇರಿಸಬೇಡಿ. ನಲವತ್ತು ದಾಟಿದ್ದರೆ, ಬೇಸಿಗೆ ಬಂದ ಮೇಲೆ ಮೊದಲು ಪ್ಯಾನೆಲ್ ಹೆಚ್ಚಿಸಿ, ಬ್ಯಾಟರಿ ಅಲ್ಲ. ತುಂಬಿಸಲು ಕರೆಂಟೇ ಇಲ್ಲದಾಗ ದೊಡ್ಡ ಬ್ಯಾಟರಿ ಇದ್ದೂ ಉಪಯೋಗವಿಲ್ಲ.